ಹದವೂ ತಳಿಯೂ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಹಿಂದೆ ಸಂಘ ಕಟ್ಟಿದಾಗ ನಾವೆಲ್ಲ ಬರೀ ಸಾಲದ ಮಾತು ಆಡಿದ್ದೆವು. ಸಾಲ ಬೇಕು, ಖರೆ. ಆದರೆ ಅದು ಯಾವ ದಿನ ಕೈಗೆ ಬರ್ತದ, ಅದರಿಂದ ಯಾವ ಬೀಜ ತರ್ತೀವಿ ಅನ್ನೋದೇ ದೊಡ್ಡ ಮಾತು. ಇದು ಹೊಲ ನಮಗೆ ಕಲಿಸಿದ ಪಾಠ.

ಮೊದಲು ತೊಗರಿ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿ ಮನ್ನಣೆ ಸಿಕ್ಕಿತು. ಹೆಸರು ಬಂತು, ರಾಶಿ ಬರಬೇಕಾದರೆ ಹದ ಹಿಡಿಯಬೇಕು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಹಗಲು ಸಣ್ಣದಾಗುತ್ತ ಬಂದಂತೆ ಹೂ ಬಿಡುವ ಗಿಡ ತೊಗರಿ. ಮೃಗಶಿರಾ, ಆರಿದ್ರಾ ಮಳೆಗೆ ಬಿತ್ತಿದರೆ ಹೂವಿಗೆ ಮೊದಲು ಟೊಂಗೆ ಒಡೆಯಲು ದಿನ ಸಿಗ್ತಾವ. ಪುಷ್ಯ ಮಳೆಗೆ ಬಿತ್ತಿದರೆ ಗಿಡ ಗಿಡ್ಡ ಇದ್ದಾಗಲೇ ಹೂ. ಕಾಳು ತುಂಬುವ ಹೊತ್ತಿಗೆ ನೆಲದ ತೇವವೂ ಆರಿರುತ್ತದೆ.

ಒಂದು ವರ್ಷ ನಮಗೆ ಸಾಲ, ಬೀಜ ಎರಡೂ ತಡವಾದವು. ಹದ ಬಂದು ಹೋಯಿತು, ನಾವು ಕಾಗದ ಹಿಡಿದು ಅಡ್ಡಾಡುತ್ತಿದ್ದೆವು. ಬದುವಿನ ಆಚೆಯವರು ಮನೆಯ ಬೀಜವನ್ನೇ ಹದಕ್ಕೆ ಬಿತ್ತಿದರು. ಅದೇ ನೆಲ, ಅದೇ ಮಳೆ. ಅವರ ಕಣದಾಗ ಆರು ಚೀಲ ಆದರೆ ನಮ್ಮ ಕಣದಾಗ ನಾಲ್ಕೂ ತುಂಬಲಿಲ್ಲ. ನಮ್ಮ ಸಾಲ ಮಾತ್ರ ಒಂದು ರೂಪಾಯಿಯೂ ಕಡಿಮೆ ಆಗಲಿಲ್ಲ.

ತಡವಾದಾಗ ಕೈ ಕಟ್ಟಿ ಕೂಡಬೇಕಿಲ್ಲ. ಸಾಲಿನ ಅಂತರ ಕಡಿಮೆ ಮಾಡಿ, ಬೀಜ ತುಸು ಹೆಚ್ಚು ಹಾಕಿ, ಬೇಗ ಬರುವ ತಳಿ ಬಿತ್ತಬೇಕು. ಗಿಡ ಸಣ್ಣದಾದರೂ ಸಂಖ್ಯೆ ಕೈ ಹಿಡೀತದ.

ಇನ್ನು ತಳಿ. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಕೂಡುತ್ತದೆ. ನಿಂತ ಬೆಳೆ ಒಣಗತೊಡಗಿದ ಮೇಲೆ ಯಾವ ಔಷಧಿಯೂ ಅದನ್ನು ಉಳಿಸದು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ನೆಟೆ ತಡೆದು ನಮ್ಮ ಸೀಮೆಯನ್ನು ಉಳಿಸಿತು. ಆದರೆ ಗೊಡ್ಡು ರೋಗ ತಡೆಯದು. 1993ರ 'ಆಶಾ' ಎರಡನ್ನೂ ತಾಳುತ್ತದೆ. ಆದರೆ ಕೊಯ್ಲಿಗೆ ಹೆಚ್ಚು ದಿನ ಬೇಕು, ತೇವ ಹಿಡಿಯುವ ಆಳವಾದ ಎರೆಗೇ ಅದು ಸರಿ. ಮುಂದೆ ಕಲಬುರಗಿ ಸಂಶೋಧನಾ ಕೇಂದ್ರದಿಂದ ಬಂದ ಟಿ.ಎಸ್.-3ಆರ್ ಬೇಗ ಬರುತ್ತದೆ, ನೆಟೆಯನ್ನೂ ತಡೆಯುತ್ತದೆ. ಅಂದಮೇಲೆ "ಯಾವ ತಳಿ ಒಳ್ಳೇದು?" ಎಂದು ಕೇಳಬಾರದು, "ನನ್ನ ನೆಲಕ್ಕೆ, ಈ ತಾರೀಖಿಗೆ ಯಾವುದು?" ಎಂದು ಕೇಳಬೇಕು.

ಕಡಲೆಯ ಮಾತೂ ಹೀಗೇ. ಅದು ಮಳೆಯ ಬೆಳೆಯಲ್ಲ, ಎರೆ ನೆಲ ಕೂಡಿಟ್ಟ ತೇವದ ಬೆಳೆ. ನೆಲ ಕಾದಿರುವಾಗಲೇ ಅವಸರ ಮಾಡಿದರೆ ಸೊರಗು ರೋಗದ ಕಾಟ. ಸ್ವಾತಿ ದಾಟಿಸಿದರೆ ಮೇಲ್ಮಣ್ಣು ಒಣಗಿ ಬೀಜ ಸಮನಾಗಿ ನಾಟದು, ಕಾಳು ಕಟ್ಟುವಾಗ ಬಿಸಿಲು ಹೊಡೆಯುತ್ತದೆ. ಹಸ್ತ, ಚಿತ್ತಾ ಮಳೆಯ ಹದವೇ ಹದ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ಎಲ್ಲರ ಮನೆಯ ತಳಿ. ಆದರೆ ಸೊರಗಿಗೆ ಸೋಲುತ್ತದೆ. ರೋಗವಿರುವ ಹೊಲಕ್ಕೆ ಜೆ.ಜಿ.-11 ಅಥವಾ ರೋಗ ತಡೆವ ಗುಣ ಸೇರಿಸಿದ ಸೂಪರ್ ಅಣ್ಣಿಗೇರಿ-1 ಬಿತ್ತಬೇಕು.

ಮಳೆ ನಮ್ಮ ಕೈಯಾಗಿಲ್ಲ. ತಳಿ ನಮ್ಮ ಕೈಯಾಗದ. ಬೀಜ, ಸಾಲ ಸಕಾಲಕ್ಕೆ ಸಿಗುವುದು ಮಾತ್ರ ಸಂಘದ ಕೈಯಲ್ಲಿದೆ. ಅದಕ್ಕೇ ಆಡಳಿತ ಮಂಡಳಿಗೆ ನಮ್ಮ ಕಳಕಳಿಯ ಬಿನ್ನಹ: ಮುಂಗಾರಿನ ಸಾಲದ ಕಾಗದಪತ್ರ ಬಸವ ಜಯಂತಿಯೊಳಗೆ ಮುಗಿಯಲಿ, ತೊಗರಿ ಬೀಜ ರೋಹಿಣಿ ಮಳೆಗೆ ಮೊದಲು, ಕಡಲೆ ಬೀಜ ಗಣೇಶ ಚೌತಿಯೊಳಗೆ ಗೋದಾಮಿನಲ್ಲಿರಲಿ. ಹದಕ್ಕೆ ಬಿತ್ತಿದವ ಸಾಲ ತೀರಿಸುತ್ತಾನೆ. ಅವ ತೀರಿಸಿದರೆ ಸಂಘ ಉಳಿಯುತ್ತದೆ. ಬೆಳ್ಳಿಹಬ್ಬ ಕಂಡ ಸಂಘ ಚಿನ್ನದ ಹಬ್ಬ ಕಾಣುವ ದಾರಿ ಇದೇ.