ವಂಶವಾಹಿ ಪರೀಕ್ಷೆಗೂ ನಮ್ಮ ನಿಧಿಯಲ್ಲಿ ಜಾಗವಿರಲಿ

(ಸಂಘದ ವೈದ್ಯಕೀಯ ನೆರವು ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ನಿವೃತ್ತಿಯವರೆಗೂ ಸಾಲದ ಕಡತ ನೋಡಿದವನು. ಈಗ ಸಂಘದ ನೆರವು ಸಮಿತಿಯಲ್ಲಿ ಅರ್ಜಿ ನೋಡುತ್ತೇನೆ. ಹಳೆಯ ಅಭ್ಯಾಸ, ಆಸ್ಪತ್ರೆಯ ಎಸ್ಟಿಮೇಟ್ ಇದೆಯೇ, ಬಿಲ್ ಇದೆಯೇ ಎಂದೇ ಮೊದಲು ಹುಡುಕುತ್ತೇನೆ.

ಈ ವರ್ಷದ ಒಂದು ಅರ್ಜಿಯಲ್ಲಿ ಎರಡೂ ಇರಲಿಲ್ಲ. ಹೆಸರು, ವಿಳಾಸ ಹೇಳುವುದಿಲ್ಲ. ಹುಡುಗನಿಗೆ 19 ವರ್ಷ. ಹಗಲು ಪತ್ರಿಕೆ ಓದುತ್ತಾನೆ. ಕತ್ತಲಾದರೆ ಲೋಕಲ್ ಇಳಿದವನಿಗೆ ಸ್ಟೇಷನ್ನಿನ ಮೆಟ್ಟಿಲು ಕಾಣುವುದಿಲ್ಲ. ರೋಗದ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಆಪರೇಷನ್ ಇಲ್ಲ, ಆಸ್ಪತ್ರೆಯಲ್ಲಿ ದಾಖಲಾಗುವುದಿಲ್ಲ. ವೈದ್ಯರು ಬರೆದುಕೊಟ್ಟದ್ದು ವಂಶವಾಹಿ ಪರೀಕ್ಷೆ ಒಂದನ್ನೇ. ನಮ್ಮ ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿಲ್ಲ.

“ಗುಣವಾಗದ ರೋಗಕ್ಕೆ ಪರೀಕ್ಷೆ ಮಾಡಿಸಿ ಏನು ಫಲ?” ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕಾಗಿ ನಾನು ಓದಿ, ಕಣ್ಣಿನ ವೈದ್ಯರನ್ನು ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಕಣ್ಣಿನ ಒಳಗೋಡೆಯ ಪದರವೇ ರೆಟಿನಾ, ಅಂದರೆ ಅಕ್ಷಿಪಟಲ. ಈ ರೋಗದಲ್ಲಿ ಮಂದ ಬೆಳಕಿಗೆ ಬೇಕಾದ ಕೋಶಗಳು ಮೊದಲು ಸಾಯುತ್ತವೆ, ಹಾಗಾಗಿ ಇರುಳುಗುರುಡು. ಆಮೇಲೆ ಅಕ್ಕಪಕ್ಕದ ನೋಟ ಹೋಗಿ ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಜಗತ್ತಿನಲ್ಲಿ ಸುಮಾರು 4000 ಜನರಲ್ಲಿ ಒಬ್ಬರಿಗೆ ಇದೆ ಎನ್ನುತ್ತಾರೆ. 1990ರಲ್ಲಿ ರೊಡಾಪ್ಸಿನ್ ಎಂಬ ವಂಶವಾಹಿಯಲ್ಲಿ ಇದರ ಒಂದು ಕಾರಣ ಸಿಕ್ಕಿತು. ಈಗ ಅಕ್ಷಿಪಟಲದ ಆನುವಂಶಿಕ ರೋಗಗಳಿಗೆಲ್ಲ ಸೇರಿ 250ಕ್ಕೂ ಹೆಚ್ಚು ವಂಶವಾಹಿಗಳು ಗೊತ್ತಾಗಿವೆ. ಯಾವುದು ಕೆಟ್ಟಿದೆ ಎಂದು ಕಣ್ಣು ನೋಡಿದ ಮಾತ್ರಕ್ಕೆ ಹೇಳಲಾಗದು.

ಅವುಗಳಲ್ಲಿ ಒಂದು ಆರ್‌ಪಿಇ65. ಬೆಳಕು ಬಿದ್ದು ರೂಪ ಬದಲಿಸಿದ ವಿಟಮಿನ್ ಎ ಅಂಶವನ್ನು ಮತ್ತೆ ಬಳಕೆಗೆ ತರುವ ಕಿಣ್ವ ಅದರಿಂದ ತಯಾರಾಗುತ್ತದೆ. ಅದು ಕೆಟ್ಟರೆ ಎಳೆಯ ಮಕ್ಕಳಿಗೇ ದೃಷ್ಟಿ ಹೋಗುತ್ತದೆ. ಬ್ರಿಯಾರ್ಡ್ ಎಂಬ ತಳಿಯ ನಾಯಿಗಳಿಗೂ ಇದೇ ದೋಷವಿದೆ. ರೋಗ ತರದ ಒಂದು ವೈರಸ್‌ನಲ್ಲಿ ಸರಿಯಾದ ವಂಶವಾಹಿಯನ್ನಿಟ್ಟು ಕಣ್ಣಿಗೆ ಸೇರಿಸಿದಾಗ ಅವಕ್ಕೆ ಕಾಣತೊಡಗಿತು ಎಂಬ ವರದಿ 2001ರಲ್ಲಿ ಬಂತು. ಆ ತಂಡದಲ್ಲಿದ್ದ ಫಿಲಡೆಲ್ಫಿಯಾದ ಜೀನ್ ಬೆನೆಟ್ ಮತ್ತು ಆಲ್ಬರ್ಟ್ ಮಗ್ವಾಯರ್ ದಂಪತಿ ಮನುಷ್ಯರ ಮೇಲಿನ ಪ್ರಯೋಗವನ್ನೂ ನಡೆಸಿದರು. 2017ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ಲಕ್ಸ್‌ಟರ್ನಾ ಎಂಬ ಆ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಆಗಿನ ಬೆಲೆ ಒಂದು ಕಣ್ಣಿಗೆ 4,25,000 ಡಾಲರ್! ನಮ್ಮ ನಿಧಿಯ ಬ್ಯಾಲೆನ್ಸ್ ಶೀಟ್ ನೋಡಿದವರು ಈಗ ನಗುತ್ತಿದ್ದೀರಿ, ಗೊತ್ತು.

ಆ ಔಷಧಕ್ಕೆ ನಾನು ಹಣ ಕೇಳುತ್ತಿಲ್ಲ. ಅದು ಆರ್‌ಪಿಇ65ರ ಎರಡೂ ಪ್ರತಿಗಳು ಕೆಟ್ಟವರಿಗೆ, ಅದೂ ಅಕ್ಷಿಪಟಲದಲ್ಲಿ ಸಾಕಷ್ಟು ಜೀವಕೋಶ ಉಳಿದವರಿಗೆ ಮಾತ್ರ. ಬೇರೆ ವಂಶವಾಹಿಗಳಿಗೂ ಪ್ರಯೋಗಗಳು ನಡೆಯುತ್ತಿವೆ. ಯಾವ ವಂಶವಾಹಿ ಎಂದು ಕಾಗದದಲ್ಲಿ ಇಲ್ಲದವರನ್ನು ಅಲ್ಲಿ ಯಾರೂ ಕರೆಯುವುದಿಲ್ಲ. ಇನ್ನೊಂದು ಮಾತು. ಕಣ್ಣಿಗೆ ಒಳ್ಳೆಯದೆಂದು ವಿಟಮಿನ್ ಎ ಮಾತ್ರೆ ನುಂಗುವವರಿದ್ದಾರೆ. ಸ್ಟಾರ್ಗಾರ್ಟ್ ಎಂಬ ಅಕ್ಷಿಪಟಲದ ರೋಗವಿದ್ದರೆ ಆ ಮಾತ್ರೆ ಬೇಡವೆನ್ನುತ್ತಾರೆ ವೈದ್ಯರು.

ಆದರೆ ನನ್ನ ಮಟ್ಟಿಗೆ ದೊಡ್ಡ ಕಾರಣ ಮನೆಯೊಳಗಿನದು. ಈ ಹುಡುಗನ ತಂದೆ ಅಕ್ಕನ ಮಗಳನ್ನೇ ಮದುವೆಯಾದವರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ. ಇಂಥ ದಂಪತಿಯ ಮಗುವಿಗೆ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿ ಒಬ್ಬನೇ ಹಿರಿಯನಿಂದ ಬರುವ ಸಾಧ್ಯತೆ 8ರಲ್ಲಿ 1. ಅತ್ತೆಯ ಮಗ, ಮಾವನ ಮಗಳ ಸಂಬಂಧವಾದರೆ 16ರಲ್ಲಿ 1. ಇಷ್ಟಾದರೂ ಬಂಧುಗಳು ದೂರುವುದು ತಾಯಿಯನ್ನೇ: “ನಿನ್ನ ಕಡೆಯಿಂದ ಬಂತು” ಎಂದು. ಅಜ್ಜಿಯೇ ಅತ್ತೆಯಾಗಿರುವ ಮನೆಯಲ್ಲಿ ಆ ಕಡೆ, ಈ ಕಡೆ ಎಲ್ಲಿಂದ ಬರಬೇಕು? ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದರೇ ಬರುವ ಬಗೆಯ ರೋಗವಾದರೆ ಅಪ್ಪನ ಪಾಲೂ ಅಷ್ಟೇ.

ಹುಡುಗನಿಗೊಬ್ಬಳು ಅಕ್ಕ. ಅವಳಿಗೆ ಸೋದರತ್ತೆಯ ಮಗನ ಜೊತೆ ಮಾತುಕತೆ ನಡೆಯುತ್ತಿದೆ. ಅವಳ ಕಣ್ಣು ಚೆನ್ನಾಗಿದೆ. ಆದರೂ ರೋಗ ಆ ಬಗೆಯದಾದರೆ ಅವಳಲ್ಲಿ ಒಂದು ಕೆಟ್ಟ ಪ್ರತಿ ಇರುವ ಸಾಧ್ಯತೆ 3ರಲ್ಲಿ 2. ಗಂಡಿನಲ್ಲೂ ಅದೇ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ 4ರಲ್ಲಿ 1. ತಮ್ಮನ ವರದಿ ಬಂದರೆ ಈ ಇಬ್ಬರನ್ನೂ ಅದೊಂದೇ ದೋಷಕ್ಕೆ ಪರೀಕ್ಷಿಸಬಹುದು. ಮದುವೆ ಬಿಡಿ ಎನ್ನಲು ನಾವು ಯಾರು? ತಿಳಿದು ನಿರ್ಧರಿಸಲಿ. ಪರೀಕ್ಷೆ ಪ್ರತಿ ಸಲವೂ ಉತ್ತರ ಕೊಡುತ್ತದೆ ಎಂದೇನಿಲ್ಲ, ಅದನ್ನೂ ಮೊದಲೇ ಹೇಳಬೇಕು.

ಜೊತೆಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನೋಟದ ವಿಸ್ತಾರ 40 ಡಿಗ್ರಿಗಿಂತ ಕಡಿಮೆಯಾದರೂ ಮಂದದೃಷ್ಟಿಯೇ. ಓದಲು ಬರುತ್ತದೆಂದು ಈ ಹುಡುಗ ಪ್ರಮಾಣಪತ್ರಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಈಗ ಹಾಕಿಸಿದ್ದೇವೆ.

ಸಮಿತಿಯ ಮುಂದೆ ನಾನಿಟ್ಟಿರುವ ತಿದ್ದುಪಡಿ ಹೀಗಿದೆ. ಕಣ್ಣಿನ ವೈದ್ಯರು ಬರೆದುಕೊಟ್ಟ ವಂಶವಾಹಿ ಪರೀಕ್ಷೆಗೂ ಅದರ ಹಿಂದುಮುಂದಿನ ಸಲಹೆಗೂ ನೆರವು, ಚೆಕ್ಕು ನೇರ ಪ್ರಯೋಗಾಲಯದ ಹೆಸರಿಗೆ. ದೃಷ್ಟಿ ಮರಳಿಸುತ್ತೇವೆಂದು ಖಾತ್ರಿ ಕೊಟ್ಟು ಚುಚ್ಚುವ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಂದು ರೂಪಾಯಿಯೂ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಅಂಥ ಚುಚ್ಚುಮದ್ದಿನಿಂದ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಪ್ರಕಟವಾಗಿದೆ.

ತಿದ್ದುಪಡಿ ಮುಂದಿನ ಸಭೆಗೆ ಬರುತ್ತದೆ, ದಯವಿಟ್ಟು ಹಾಜರಿರಿ. ಅಷ್ಟರೊಳಗೆ ಇದಕ್ಕೆಂದೇ ಕೊಡುವವರು ಚೆಕ್ಕಿನ ಹಿಂದೆ “ವೈದ್ಯಕೀಯ ನಿಧಿ, ಕಣ್ಣು” ಎಂದು ಬರೆಯಿರಿ. ಲೆಕ್ಕ ಬೇರೆ ಇಡುತ್ತೇನೆ, ರಶೀದಿ ಅಂದೇ ಕೊಡುತ್ತೇನೆ.