ಊರಿನ ಕುಶಲಿಗರಿಗೆ ಒಂದು ಸಂಜೆ



ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೋರ್ಡೋ ದ್ರಾವಣದ ಈ ಲೆಕ್ಕ ಅಡಿಕೆ ಬೆಳೆಯುವ ಪ್ರತಿ ಮನೆಯಲ್ಲಿಯೂ ಬಾಯಿಪಾಠವಾಗಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಕಾರಣವನ್ನು ಅಭ್ಯಸಿಸಿ ಈ ಸಿಂಪಡಣೆಯನ್ನು ಬಳಕೆಗೆ ತಂದ ಸಂಗತಿ ಪುಸ್ತಕಗಳಲ್ಲಿದೆ. ಆದರೆ ಅದಕ್ಕೂ ಬಹು ಮೊದಲೇ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವ ಉಪಾಯವನ್ನು ಮಲೆನಾಡಿನವರೇ ಕಂಡುಕೊಂಡಿದ್ದರು. ಮೊದಲ ಕೊಟ್ಟೆಯನ್ನು ಕಟ್ಟಿದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಇದು ಹಳೆಯ ಕಾಲದ ಮಾತು ಮಾತ್ರವಲ್ಲ. ಬಯಲುಸೀಮೆಯ ಊರಿನಲ್ಲಿ ಮನೆಗಳು ಒಂದಕ್ಕೊಂದು ತಾಗಿರುತ್ತವೆ. ಅರಳಿಕಟ್ಟೆಯಲ್ಲಿ ಕುಳಿತವನಿಗೆ ಊರಿನ ಎಲ್ಲ ಸುದ್ದಿಯೂ ತಲುಪುತ್ತದೆ. ಮಲೆನಾಡಿನ ಮನೆಗಳು ಹಾಗಲ್ಲ. ತೋಟಕ್ಕೊಂದು ಮನೆ, ಕಣಿವೆಗೊಂದು ತೋಟ, ನಡುವೆ ಹಳ್ಳ, ಸೊಪ್ಪಿನಬೆಟ್ಟ. ಒಬ್ಬರು ತಮ್ಮ ಕೊಟ್ಟಿಗೆಯಲ್ಲಿ ಕುಳಿತು ಹಳೆಯ ಸೈಕಲ್ಲಿನ ಬಿಡಿಭಾಗಗಳಿಂದ ಮಾಡಿಕೊಂಡ ಸಲಕರಣೆಯ ಸುದ್ದಿ ಗುಡ್ಡದ ಆಚೆಗೆ ಹೋಗಲು ಒಂದು ಮದುವೆಯೋ ತಿಥಿಯೋ ಬರಬೇಕು. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಆ ಸಲಕರಣೆಯನ್ನು ನಡೆಸಲು ಬಲ್ಲವರು ಒಬ್ಬರೇ ಉಳಿದಿರುತ್ತಾರೆ. ಅವರ ನಂತರ ಅದು ಗುಜರಿಗೆ ಹೋಗುತ್ತದೆ.

ಇಂಥ ಕೈಕೆಲಸದವರು, ಪ್ರಯೋಗಶೀಲರು ಆಗಾಗ ಒಂದೆಡೆ ಸೇರಿ, ಮಾಡಿದ್ದನ್ನು ತೋರಿಸಿ, ನಾಲ್ಕು ಮಾತಾಡಿ ಹೋಗುವ ಅನೌಪಚಾರಿಕ ಕೂಟವೊಂದು ಇದ್ದರೆ ಹೇಗೆ ಎಂಬುದು ಇಂದಿನ ವಿಷಯ. ಇದಕ್ಕೆ ಹೊರನಾಡಿನಲ್ಲಿ ಒಂದು ಒಳ್ಳೆಯ ಮಾದರಿಯಿದೆ. 2003ರ ಫೆಬ್ರುವರಿಯಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ ಎಂಬ ವಾಸ್ತುಶಿಲ್ಪಿಗಳು ಯುವ ವಿನ್ಯಾಸಕಾರರಿಗಾಗಿ 'ಪೆಚಾ ಕುಚಾ' ಎಂಬ ಸಂಜೆಯನ್ನು ಆರಂಭಿಸಿದರು. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ಹರಟೆ ಎಂಬ ಅರ್ಥವಿದೆ. ನಿಯಮ ಒಂದೇ: ಪ್ರತಿಯೊಬ್ಬರಿಗೂ ಇಪ್ಪತ್ತು ಚಿತ್ರಗಳು, ಚಿತ್ರಕ್ಕೆ ಇಪ್ಪತ್ತು ಸೆಕೆಂಡು. ಚಿತ್ರ ತಾನಾಗಿಯೇ ಮುಂದೆ ಸರಿಯುತ್ತದೆ, ಮಾತುಗಾರ ತಡೆಯುವಂತಿಲ್ಲ. ಆರು ನಿಮಿಷ ನಲವತ್ತು ಸೆಕೆಂಡಿಗೆ ಮಾತು ಮುಗಿಯುತ್ತದೆ. ಕೈಗೆ ಮೈಕು ಬಂದರೆ ವಾಸ್ತುಶಿಲ್ಪಿಗಳು ಬಿಡುವುದಿಲ್ಲವೆಂಬುದೇ ಈ ಕಟ್ಟುನಿಟ್ಟಿನ ಹಿಂದಿನ ಕಾರಣ. (ಈ ದೌರ್ಬಲ್ಯ ವಾಸ್ತುಶಿಲ್ಪಿಗಳಿಗೆ ಮೀಸಲಲ್ಲವೆಂದು ಮಲೆನಾಡಿನ ಸಭೆಗಳಲ್ಲಿ ಕುಳಿತವರೆಲ್ಲ ಬಲ್ಲರು.) ಮೊದಲ ಕೂಟ ನಡೆದ ಸಭಾಂಗಣ 2019ರಲ್ಲಿ ಮುಚ್ಚಿಹೋಯಿತು. ಪದ್ಧತಿ ಮಾತ್ರ ಲೋಕದ ಸಾವಿರಕ್ಕೂ ಹೆಚ್ಚು ಊರುಗಳಿಗೆ ಹಬ್ಬಿದೆ.

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1998ರಲ್ಲಿ ಡಂಕನ್ ಡಲ್ಲಾಸ್ ಅವರು ಆರಂಭಿಸಿದ ವಿಜ್ಞಾನದ ಹರಟೆಕೂಟ ಇನ್ನೊಂದು ಬಗೆಯದು. ಅಲ್ಲಿ ವಿಜ್ಞಾನಿಯ ಮಾತು ಚಿಕ್ಕದು, ಕೇಳುಗರ ಪ್ರಶ್ನೋತ್ತರ ದೀರ್ಘ. ಟೋಕಿಯೋದಿಂದ ಸಮಯದ ಶಿಸ್ತನ್ನೂ ಲೀಡ್ಸಿನಿಂದ ಪ್ರಶ್ನೆಯ ಸ್ವಾತಂತ್ರ್ಯವನ್ನೂ ಪಡೆದರೆ ಗುಡ್ಡಗಾಡಿನ ಊರಿಗೆ ಒಪ್ಪುವ ರೂಪ ಸಿದ್ಧವಾಗುತ್ತದೆ.

ಮಲೆನಾಡಿಗೆ ಇದು ಪೂರ್ತಿ ಹೊಸತೂ ಅಲ್ಲ. ಮಳೆಗಾಲದಲ್ಲಿ ಬಯಲಾಟಗಳು ನಿಂತಾಗ ಜಗಲಿಗಳಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಮಾತೇ ಸರ್ವಸ್ವ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಲೋಕದ ನಾಟಕ, ಸಿನಿಮಾಗಳನ್ನು ಅಡಿಕೆ ತೋಟದ ನಡುವಿಗೆ ತಂದಿತು. ಪುತ್ತೂರಿನಿಂದ 1988ರಲ್ಲಿ ಆರಂಭಗೊಂಡ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತಮ್ಮ ಅನುಭವವನ್ನು ತಾವೇ ಬರೆಯಬಹುದೆಂಬ ಧೈರ್ಯ ತೋಟಗಳಲ್ಲಿ ಮೂಡಿದ್ದು ಹಾಗೆ. ಆದರೂ ಬರೆಯಲು ಬಾರದವರು, ತಾಳಮದ್ದಲೆಯ ಅರ್ಥಗಾರಿಕೆ ಒಲಿಯದವರು ಊರಿನಲ್ಲಿ ಬಹಳ ಮಂದಿ. ಕೈ ಚುರುಕಾಗಿರುವವರಲ್ಲಿ ಅನೇಕರಿಗೆ ಮಾತು ಕಡಮೆ. ಅಂಥವರಿಗೆ ಆರು ನಿಮಿಷ ನಲವತ್ತು ಸೆಕೆಂಡು ವರದಾನ. ಒಂದು ಗಂಟೆ ಮಾತಾಡಿರೆಂದರೆ ಓಡಿಹೋಗುವವರು ತಮ್ಮ ಕತ್ತಿಯ ಹಿಡಿಯನ್ನು ಹಿಡಿದು ಆರು ನಿಮಿಷ ನಿಲ್ಲಬಲ್ಲರು.

ಇನ್ನು ನಡೆಸುವ ಬಗೆ. ಮೊದಲನೆಯದಾಗಿ ವೇದಿಕೆ ಬೇಡ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷರ ನುಡಿ, ವಂದನಾರ್ಪಣೆ ಯಾವುದೂ ಬೇಡ. ಆರು ಮಂದಿಯ ಮಾತು ಒಟ್ಟು ನಲವತ್ತು ನಿಮಿಷವಾಗುತ್ತದೆ; ಇಷ್ಟು ಹೊತ್ತು ಅನೇಕ ಸಭೆಗಳಲ್ಲಿ ಹಾರ ಹಾಕುವುದಕ್ಕೇ ಸಾಲುವುದಿಲ್ಲ. ಪ್ರತಿಯೊಬ್ಬರ ನಂತರ ಹತ್ತು ನಿಮಿಷ ಪ್ರಶ್ನೆ, ನಡುವೆ ಒಂದು ಲೋಟ ಕಷಾಯ ಎಂದಿಟ್ಟುಕೊಂಡರೂ ಎರಡು ಗಂಟೆಯೊಳಗೆ ಮುಗಿಯಬೇಕು. ನಗರದವರು ಇದನ್ನು ರಾತ್ರಿ ನಡೆಸುತ್ತಾರೆ. ಇಲ್ಲಿ ರಾತ್ರಿ ಎಂದರೆ ಕೊನೆಯ ಬಸ್ಸು ಹೋದ ಮೇಲಿನ ಹೊತ್ತು. ಕಾಡುದಾರಿಯಲ್ಲಿ ಒಬ್ಬರೇ ಮರಳುವುದು ಹೆಂಗಸರಿಗೂ ಶಾಲಾ ಮಕ್ಕಳಿಗೂ ಆಗದ ಮಾತು. ಮಧ್ಯಾಹ್ನ ಮೂರಕ್ಕೆ ತೊಡಗಿ ಐದಕ್ಕೆ ಮುಗಿಸಿದರೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ, ಔಷಧಿ ಹೊಡೆಯುವ ದಿನಗಳಲ್ಲಿ ಕೂಟ ಇಟ್ಟುಕೊಳ್ಳುವುದು ವ್ಯರ್ಥ.

ಚಿತ್ರ ತೋರಿಸಲು ಪ್ರೊಜೆಕ್ಟರ್ ಹೈಸ್ಕೂಲಿನಲ್ಲಿ ಸಿಗಬಹುದು. ಬಿಳಿಯ ಪಂಚೆಯೊಂದು ಪರದೆಯಾಗಬಹುದು. ಫೋನಿನಲ್ಲಿ ತೆಗೆದ ಫೋಟೋಗಳನ್ನು ಜೋಡಿಸಿಕೊಡುವ ಕೆಲಸ ವಿದ್ಯಾರ್ಥಿಗಳದ್ದು. ಮಳೆಗಾಲದಲ್ಲಿ ಕರೆಂಟಿನ ಭರವಸೆಯಿಲ್ಲದಿರುವುದರಿಂದ ವಸ್ತುವನ್ನೇ ತರುವುದು ಮೇಲು. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡುವ ಪರೀಕ್ಷೆಯನ್ನೇ ತೆಗೆದುಕೊಳ್ಳಬಹುದು. ಉಜ್ಜಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ಅದರ ಮೇಲೆ ಕೆಂಪು ತಾಮ್ರ ಕುಳಿತರೆ ಸುಣ್ಣ ಸಾಲದು ಎಂದರ್ಥ. ಹತ್ತು ಪುಟ ಓದಿದರೂ ಮನಸ್ಸಿಗೆ ಹತ್ತದ ಈ ಸಂಗತಿ ಒಂದು ಬಕೆಟ್ಟು, ಒಂದು ಚೂರಿಯಿಂದ ಎರಡು ನಿಮಿಷದಲ್ಲಿ ಹತ್ತುತ್ತದೆ.

ಯಾರು ಮಾತಾಡಬೇಕು ಎಂಬುದು ಇದಕ್ಕಿಂತ ಕಠಿಣ ಪ್ರಶ್ನೆ. ಸುಮ್ಮನೆ ಬಿಟ್ಟರೆ ತೋಟದ ಯಜಮಾನರೇ ಆರೂ ಜಾಗಗಳನ್ನು ತುಂಬುತ್ತಾರೆ. ಮರ ಏರುವ ಕೊನೆಗಾರನಿಗೆ ಯಾವ ಮರದ ಕೊನೆ ಎಂದು ಹಣ್ಣಾಗುತ್ತದೆಂಬ ತಿಳಿವು ಯಜಮಾನನಿಗಿಂತ ಹೆಚ್ಚಿರುತ್ತದೆ. ಆತ ಸಭೆಗಳಲ್ಲಿ ಕುಳಿತುಕೊಳ್ಳುವುದು ಬಾಗಿಲ ಬಳಿ. ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪುಗಳನ್ನು ತಯಾರಿಸಿ, ಪುಂಡಿನಾರಿನ ಕುಂಚದಿಂದ ಕೈ ನಡುಗದೆ ಗೆರೆ ಎಳೆಯುತ್ತಾರೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲಿನ ಚಿತ್ತಾರದ ಒಂದೊಂದು ಗೆರೆಗೂ ಅವರಲ್ಲಿ ಹೆಸರಿದೆ. ಜೋಯಿಡಾದ ಕುಣಬಿಯರು ಉಳಿಸಿಕೊಂಡ ಗೆಡ್ಡೆಗಳ ತಳಿಗಳು ಹಲವು. ಇವರನ್ನು ಕರೆಪತ್ರ ಕಳಿಸಿ ಕರೆದರೆ ಬರುವುದಿಲ್ಲ. ಮನೆಗೆ ಹೋಗಿ, ಕೆಲಸ ನೋಡಿ, 'ಇದನ್ನೇ ಅಲ್ಲಿ ಒಮ್ಮೆ ತೋರಿಸಿ' ಎಂದು ಕೇಳಬೇಕು. ಕೂಲಿಯ ಅರ್ಧ ದಿನ ಕಳೆಯುವವರಿಗೆ ಆ ಅರ್ಧ ದಿನದ ಕೂಲಿಯನ್ನು ಕೂಟದವರು ಕೊಡುವುದು ನ್ಯಾಯ. ಇದಕ್ಕಾಗಿ ಡಬ್ಬಿ ಹಿಡಿದರೆ ತಪ್ಪಿಲ್ಲ.

ಪ್ರಶ್ನೆಗಳ ವಿಷಯದಲ್ಲಿ ಸಂಕೋಚ ಕೂಡದು. ಕಾಳುಮೆಣಸಿನ ಸೊರಗು ರೋಗ ಒಂದೇ ಕಷಾಯದಿಂದ ಹೋಯಿತೆಂದು ಯಾರಾದರೂ ಹೇಳಿದರೆ, ಎಷ್ಟು ಬಳ್ಳಿಗೆ ಹಾಕಲಾಯಿತು, ಹಾಕದೆ ಬಿಟ್ಟ ಬಳ್ಳಿಗಳ ಗತಿಯೇನು, ಎಷ್ಟು ಮಳೆಗಾಲ ನೋಡಲಾಯಿತು ಎಂದು ಕೇಳಲೇಬೇಕು. ಕೇಳುವ ಮಾತಿನಲ್ಲಿ ಮರ್ಯಾದೆಯಿದ್ದರೆ ಸಾಕು. ಹಾಕದೆ ಬಿಟ್ಟ ಬಳ್ಳಿಗಳೂ ಆ ವರ್ಷ ಬದುಕಿಕೊಂಡಿದ್ದರೆ ಕಷಾಯಕ್ಕೆ ಯಶಸ್ಸು ಸಲ್ಲದು. ಸೋತ ಪ್ರಯೋಗಗಳಿಗೂ ಪ್ರತಿ ಕೂಟದಲ್ಲಿ ಒಂದು ಜಾಗ ಮೀಸಲಿಡುವುದು ಒಳ್ಳೆಯದು. ಗೆದ್ದದ್ದನ್ನು ಹೇಳಲು ಎಲ್ಲರೂ ಇದ್ದಾರೆ.

ತೋರಿಸಿದ್ದನ್ನು ಯಾರಾದರೂ ಕದ್ದರೆ ಎಂಬ ಅಂಜಿಕೆ ಸಹಜ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಭಾರತದ ಪೇಟೆಂಟ್ ಕಾಯಿದೆಯಂತೆ, ಅರ್ಜಿ ಹಾಕುವ ಮೊದಲೇ ಸಾರ್ವಜನಿಕವಾಗಿ ತೋರಿಸಿದ ಯಂತ್ರ 'ಹೊಸತು' ಎಂಬ ಅರ್ಹತೆಯನ್ನು ಕಳೆದುಕೊಳ್ಳಬಹುದು. ಕಾಯಿದೆಯಲ್ಲಿರುವ ಕೆಲವು ವಿನಾಯಿತಿಗಳನ್ನು ಊರಿನ ಕೂಟಕ್ಕೆ ನಂಬಿಕೊಳ್ಳಲಾಗದು. ಆದ್ದರಿಂದ ಮಾರಾಟದ ಆಸೆಯಿರುವವರು ಮೊದಲು ತಾತ್ಕಾಲಿಕ ಅರ್ಜಿಯನ್ನು ಸಲ್ಲಿಸಿ, ಆಮೇಲೆ ಮಾತಿಗೆ ನಿಲ್ಲಲಿ. ಪೂರ್ಣ ವಿವರ ಕೊಡಲು ಹನ್ನೆರಡು ತಿಂಗಳ ಅವಕಾಶವಿರುತ್ತದೆ. ಈ ಸಂಗತಿಯನ್ನು ಆಹ್ವಾನಿಸುವ ದಿನವೇ ತಿಳಿಸುವುದು ಸಂಘಟಕರ ಹೊಣೆ.

ಪರಂಪರೆಯಿಂದ ಬಂದ ತಿಳಿವಿನ ಮಾತು ಬೇರೆ. ಅದನ್ನು ಮುಚ್ಚಿಡುವುದರಿಂದ ರಕ್ಷಣೆ ದೊರೆಯುವುದಿಲ್ಲ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ದೊರೆತಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, 1997ರಲ್ಲಿ ರದ್ದುಮಾಡಿಸಿತು. ಗೆಲ್ಲಿಸಿದ್ದು ಲಿಖಿತ ಆಧಾರಗಳು. ಕೋಟಿ ಅಜ್ಜಿಯರು ಅರಿಸಿನ ಹಚ್ಚಿದ್ದು, ಬರಹದಲ್ಲಿ ಇಲ್ಲದಿದ್ದರೆ, ಅಲ್ಲಿನ ಅಂದಿನ ಕಾನೂನಿಗೆ ಪುರಾವೆಯೇ ಆಗುತ್ತಿರಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಅಪ್ಪೆಮಿಡಿಯ ಒಳ್ಳೆಯ ಮರವೋ ಅಪರೂಪದ ಮದ್ದಿನ ಬೇರೋ ಎಲ್ಲಿದೆಯೆಂದು ಸಭೆಯಲ್ಲಿ ಹೇಳಬಾರದು. ಮಿಡಿಗೆ ಬೆಲೆ ಬಂದಾಗ ಹೊಳೆದಂಡೆಯ ಮರಗಳ ಕೊಂಬೆಗಳನ್ನೇ ಕಡಿದು ಕೆಡವಿದ್ದನ್ನು ಮಲೆನಾಡು ನೋಡಿದೆ. ರುಚಿ, ಸೊನೆಯ ಪರಿಮಳ, ಉಪ್ಪಿನಲ್ಲಿ ಬಾಳುವ ವರ್ಷಗಳು, ಕಸಿ ಕಟ್ಟುವ ಕ್ರಮ ಇವನ್ನೆಲ್ಲ ಹೇಳಬಹುದು. ದಾರಿ ಬೇಡ.

ಆದ್ದರಿಂದ ಕೂಟಕ್ಕೊಂದು ದಪ್ಪ ನೋಟುಪುಸ್ತಕವಿರಲಿ. ತೋರಿಸಿದವರ ಹೆಸರು, ಊರು, ದಿನಾಂಕ, ವಸ್ತುವಿನ ನಕ್ಷೆ, ಅದನ್ನು ಕಲಿಸಿದವರ ಹೆಸರು, ಕೇಳಿದ ಪ್ರಶ್ನೆಗಳು, ಇಷ್ಟನ್ನೂ ಕನ್ನಡದಲ್ಲಿ ವಿದ್ಯಾರ್ಥಿಗಳು ಬರೆಯಲಿ. ಬರೆದದ್ದನ್ನು ಅಲ್ಲಿಯೇ ಗಟ್ಟಿಯಾಗಿ ಓದಿಹೇಳಿ, ತಿದ್ದಿಸಿಕೊಂಡು, ಒಪ್ಪಿಗೆಯ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಯ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕಾಗಿದೆ. ತಳಿ, ಸೊಪ್ಪು, ಬೇರುಗಳ ಪುಟಗಳನ್ನು ಮಾತಾಡಿದವರು ಒಪ್ಪಿದರೆ ಮಾತ್ರ ಅಲ್ಲಿಗೂ ಕೊಡಬಹುದು. ಪ್ರತಿ ಪುಟದ ಎರಡು ನಕಲು ತೆಗೆಯಬೇಕು. ಒಂದು ಶಾಲೆಯ ಕಪಾಟಿಗೆ, ಇನ್ನೊಂದು ಮಾತಾಡಿದವರ ಮನೆಗೆ.