ಮನಸ್ಸನ್ನು ಅಳೆಯುವ ಮುನ್ನ

ಹ್ಯಾಂಡ್‌ಪೋಸ್ಟ್ ಎಂದರೆ ಕನ್ನಡದಲ್ಲಿ ಕೈಮರ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿ, ಹೆಗ್ಗಡದೇವನಕೋಟೆಯ ಹತ್ತಿರ, ಆ ಹೆಸರಿನ ಊರೇ ಇದೆ. ಕೈಮರವೇ ತಪ್ಪು ದಿಕ್ಕಿಗೆ ತಿರುಗಿದ್ದರೆ ಎಷ್ಟು ಚುರುಕಾಗಿ ನಡೆದರೂ ಸೇರಬೇಕಾದ ಊರು ಸಿಗದು. ಮನಶ್ಶಾಸ್ತ್ರದ ಸಂಶೋಧನಾ ವಿಧಾನಗಳಿಗೂ ಈ ಮಾತು ಸಲ್ಲುತ್ತದೆ.

ಈ ತಾಲ್ಲೂಕಿನ ಶಾಲೆಯೊಂದನ್ನು ಊಹಿಸಿಕೊಳ್ಳಿ. ಹಾಡಿಯಿಂದ ಬಂದ ಜೇನುಕುರುಬರ ಹುಡುಗ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. 'ಹುಡುಗ ದಡ್ಡ' ಎಂದು ಯಾರೋ ಹೇಳಿಬಿಡುತ್ತಾರೆ. ಆ ಮಾತು ಅವನನ್ನು ಶಾಲೆಯಿಂದಲೇ ದೂರ ಮಾಡಬಹುದು. ಅದು ನಿಜವೇ ಎಂದು ತಿಳಿಯುವುದು ಹೇಗೆ?

ಮೊದಲ ವಿಧಾನ ವೀಕ್ಷಣೆ. ಹುಡುಗನನ್ನು ತರಗತಿಯಲ್ಲೂ ಹಾಡಿಯಲ್ಲೂ ನೋಡಬೇಕು. ಯಾರೊಡನೆ, ಎಷ್ಟು ಸಲ ಮಾತನಾಡಿದ ಎಂದು ಇಬ್ಬರು ಬೇರೆಬೇರೆಯಾಗಿ ಬರೆದಿಡಬೇಕು. ಅವು ತಾಳೆಯಾದರೆ ನಂಬಬಹುದು. ಎರಡನೆಯದು ಸಂದರ್ಶನ. ಇಲ್ಲಿ ಪ್ರಶ್ನೆಯೊಳಗೇ ಉತ್ತರ ಅಡಗಿರಬಾರದು. 'ಓದಲು ಸೋಮಾರಿತನವೇ?' ಎಂದು ಕೇಳುವುದು ಬೇರೆ, 'ಶಾಲೆಯಲ್ಲಿ ದಿನ ಹೇಗೆ ಕಳೆಯುತ್ತೀಯ?' ಎಂದು ಕೇಳುವುದು ಬೇರೆ.

ಮೂರನೆಯದು ಪರೀಕ್ಷೆ. ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೋನ್ 1905ರಲ್ಲಿ ಮಕ್ಕಳ ಬುದ್ಧಿಯನ್ನಳೆಯುವ ಪ್ರಶ್ನೆಗಳನ್ನು ರಚಿಸಿದರು. ಅವನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದವರು ಧಾರವಾಡದ ವಿ.ವಿ. ಕಾಮತರು, ಅವರ ಗ್ರಂಥ ಹೊರಬಂದದ್ದು 1940ರಲ್ಲಿ. ಬರಿಯ ಭಾಷಾಂತರದಿಂದ ಈ ಕೆಲಸ ಆಗುವುದಿಲ್ಲ. ಯಾವ ವಯಸ್ಸಿನ ಮಗು ಯಾವ ಪ್ರಶ್ನೆಗೆ ಉತ್ತರಿಸುತ್ತದೆ ಎಂಬುದನ್ನು ಇಲ್ಲಿಯ ಮಕ್ಕಳಲ್ಲೇ ನೋಡಬೇಕು. ಜೇನುಕುರುಬರ ಮನೆಮಾತು ಪಠ್ಯಪುಸ್ತಕದ ಕನ್ನಡವಲ್ಲ. ಆದ್ದರಿಂದ ಧಾರವಾಡದ ಅಳತೆಗೋಲು ಹಾಡಿಯ ಮಗುವಿಗೆ ಹೊಂದುವುದೇ ಎಂದು ಮತ್ತೆ ಪರೀಕ್ಷಿಸಬೇಕಾಗುತ್ತದೆ.

ನಾಲ್ಕನೆಯದು ಸಹಸಂಬಂಧ, ಎಂದರೆ ಎರಡು ಸಂಗತಿಗಳು ಒಟ್ಟಿಗೆ ಏರಿಳಿಯುವುದನ್ನು ಲೆಕ್ಕ ಹಾಕುವುದು. ಇದಕ್ಕೊಂದು ಸೂತ್ರ ಕೊಟ್ಟ ಲಂಡನ್ನಿನ ಸ್ಪಿಯರ್‌ಮನ್ನರ ಶಿಷ್ಯರೇ ಎಂ.ವಿ. ಗೋಪಾಲಸ್ವಾಮಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಆದರೆ ಜೊತೆಗಿರುವುದೆಲ್ಲ ಕಾರಣವಲ್ಲ. ಮನೆಯಲ್ಲಿ ಪುಸ್ತಕವಿರುವ ಮಕ್ಕಳು ಚೆನ್ನಾಗಿ ಓದಿದರೆ, ಅದಕ್ಕೆ ಪುಸ್ತಕ ಕಾರಣವೋ, ಪುಸ್ತಕ ಕೊಳ್ಳಬಲ್ಲ ಮನೆಯ ಅನುಕೂಲ ಕಾರಣವೋ?

ಕಾರಣವನ್ನು ಹಿಡಿಯಲು ಪ್ರಯೋಗ ಬೇಕು. ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮನೆಮಾತಿನಲ್ಲಿ, ಇನ್ನೊಂದಕ್ಕೆ ಎಂದಿನಂತೆ ಪಾಠ ಹೇಳಿ, ಮೊದಲೂ ಕೊನೆಯಲ್ಲೂ ಅಳೆಯಬೇಕು. ತಂದೆತಾಯಿಯರ ಒಪ್ಪಿಗೆಯಿಲ್ಲದೆ ಇದನ್ನು ಮಾಡಕೂಡದು. ಫಲ ಒಳ್ಳೆಯದೆಂದು ಕಂಡರೆ ಎರಡನೆಯ ಗುಂಪಿಗೂ ಅದೇ ಪಾಠ ಸಲ್ಲಬೇಕು.

ಇಷ್ಟೂ ಮಾಡಿದ ಮೇಲೆ ಹುಡುಗನ ಮೌನಕ್ಕೆ ಬುದ್ಧಿಯ ಕೊರತೆ ಕಾರಣವೋ, ಅವನಿಗೆ ತಿಳಿಯದ ಭಾಷೆ ಕಾರಣವೋ ಎಂಬುದು ಗೊತ್ತಾದೀತು. ಅಲ್ಲಿಯವರೆಗೆ 'ದಡ್ಡ' ಎಂಬ ಮಾತನ್ನು ತಡೆದುಕೊಳ್ಳುವುದೇ ನ್ಯಾಯ.